ಮಿಠಾಯಿಯ ಗುಲಾಬಿ, ಕೂದಲೆಳೆಯ ಕಾಲುವೆ

ಚೈತ್ರ ಹುಣ್ಣಿಮೆಯಂದು ಜ್ಯೋತಿಬಾನ ಗುಡ್ಡವು ಗುಲಾಲಿನಲ್ಲಿ ಮಿಂದು ನಿಲ್ಲುವ ದೃಶ್ಯವನ್ನು ನಮ್ಮ ಕಡೆಯ ವಾಚಕರಿಗೆ ವರ್ಣಿಸಿ ಹೇಳಬೇಕಾದುದಿಲ್ಲ. ಕೊಲ್ಲಾಪುರದ ವಾಯವ್ಯಕ್ಕಿರುವ ವಾಡಿ ರತ್ನಾಗಿರಿಯ ಆ ಜಾತ್ರೆಗೆ ಗಡಿಯ ಎರಡೂ ಕಡೆಯ ಕುಟುಂಬಗಳು ತಲೆತಲಾಂತರದಿಂದ ಹೋಗಿಬರುತ್ತಿವೆ. ಸಾಸನಕಾಠಿಗಳ ಮೆರವಣಿಗೆ ಮುಗಿದ ಮೇಲೆ ಮಕ್ಕಳು ಹಟ ಹಿಡಿಯುವುದು ಒಂದೇ ವಸ್ತುವಿಗೆ. ಕೋಲಿಗೆ ಸುತ್ತಿದ, ಗಾಳಿಗಿಂತ ಹಗುರವೆಂಬಂತೆ ತೋರುವ ಗುಲಾಬಿ ಬಣ್ಣದ ಸಕ್ಕರೆಯ ಎಳೆ. ನಾವು ಬೊಂಬಾಯಿ ಮಿಠಾಯಿ ಎನ್ನುತ್ತೇವೆ. ನೆರೆಯ ಮರಾಠಿ ಮಕ್ಕಳು ಅದನ್ನೇ ‘ಮ್ಹಾತಾರೀಚೆ ಕೇಸ’, ಎಂದರೆ ಮುದುಕಿಯ ಕೂದಲು, ಎಂದು ಕರೆಯುತ್ತಾರೆ.

ಗಡಹಿಂಗ್ಲಜದಿಂದ ಸೋದರಿಯೊಬ್ಬರು ಈ ಅಂಕಣಕ್ಕೆ ಕೇಳಿ ಕಳಿಸಿರುವ ಪ್ರಶ್ನೆ ಈ ಮಿಠಾಯಿಯನ್ನು ಕುರಿತದ್ದು. ಸಂಕೇಶ್ವರದ ತವರಿಗೆ ಹೋದಾಗ ಅವರ ಅಣ್ಣ ‘ಇದಕ್ಕೆ ಹಾಕುವ ಬಣ್ಣವನ್ನು ನಮ್ಮ ಸರಕಾರ ನಿಷೇಧಿಸಿದೆ’ ಎಂದರಂತೆ. ಹಿಂದಿರುಗಿದರೆ ಇಲ್ಲಿಯ ಸಂತೆಯಲ್ಲಿ ಅದೇ ಗುಲಾಬಿ. ಒಂದೇ ಹಿರಣ್ಯಕೇಶಿಯ ದಂಡೆಯ ಆ ಊರಿನಲ್ಲಿ ನಿಷಿದ್ಧವಾದದ್ದು ಈ ಊರಿನಲ್ಲಿ ತಿನಿಸಾಗುವುದು ಹೇಗೆ, ಮತ್ತು ಪ್ರಯೋಗಾಲಯದವರು ‘ಕಂಡುಬಂದಿಲ್ಲ’ ಎಂದು ಬರೆದುಕೊಟ್ಟರೆ ಅದನ್ನು ನಂಬಿ ಮಕ್ಕಳ ಕೈಗೆ ಕೊಡಬಹುದೆ ಎಂಬುದು ಅವರ ಸಂದೇಹ.

ಮೊದಲ ಸಂದೇಹಕ್ಕೆ ಉತ್ತರ ಸುಲಭ. 2024ರ ಮಾರ್ಚ್ 11ರಂದು ಕರ್ನಾಟಕದ ಆರೋಗ್ಯ ಸಚಿವರಾದ ದಿನೇಶ್ ಗುಂಡೂರಾವ್ ಅವರು ಬೊಂಬಾಯಿ ಮಿಠಾಯಿಯಲ್ಲಿಯೂ ಗೋಬಿ ಮಂಚೂರಿಯಲ್ಲಿಯೂ ರೋಡಮೀನ್-ಬಿ ಮೊದಲಾದ ಕೃತಕ ಬಣ್ಣಗಳ ಬಳಕೆಯನ್ನು ನಿಷೇಧಿಸಿರುವುದಾಗಿ ಪ್ರಕಟಿಸಿದರು. ಅದಕ್ಕೆ ಒಂದು ತಿಂಗಳ ಹಿಂದೆ ತಮಿಳುನಾಡಿನಲ್ಲಿ ಈ ಮಿಠಾಯಿಯ ಮಾರಾಟವನ್ನೇ ನಿಲ್ಲಿಸಲಾಗಿತ್ತು. ಆದರೆ ರೋಡಮೀನ್-ಬಿ ಎಂಬುದು ಭಾರತದಲ್ಲಿ ಎಲ್ಲಿಯೂ ಆಹಾರಕ್ಕೆ ಅನುಮತಿ ಪಡೆದ ಬಣ್ಣವಲ್ಲ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮಗಳು ಒಪ್ಪಿರುವ ಕೃತಕ ಬಣ್ಣಗಳು ಕೇವಲ ಎಂಟು. ಆ ಪಟ್ಟಿಯಲ್ಲಿ ಇದಕ್ಕೆ ಸ್ಥಾನವಿಲ್ಲ. ಕರ್ನಾಟಕ ಮಾಡಿದ್ದು ಇದ್ದ ಕಾನೂನಿಗೆ ದನಿ ಕೊಟ್ಟು ತಪಾಸಣೆಗೆ ಇಳಿದದ್ದು. ಆದುದರಿಂದ ಸೋದರಿಯವರ ಸಂತೆಯಲ್ಲಿಯೂ ಅದು ನಿಷಿದ್ಧವೇ. ಕಾಗದದ ಮೇಲಿನ ನಿಷೇಧ ಗಡಿ ದಾಟಲು ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ. ತಪಾಸಣೆ ಮಾತ್ರ ಜಿಲ್ಲೆ ಜಿಲ್ಲೆಗೆ ಹೆಚ್ಚು ಕಡಿಮೆಯಾಗುತ್ತದೆ.

ಎರಡನೆಯ ಪ್ರಶ್ನೆ ಹಾಗಲ್ಲ. ‘ಕಂಡುಬಂದಿಲ್ಲ’ ಎಂಬ ಒಂದು ಪದದ ಹಿಂದೆ ಎಷ್ಟು ಕಂಡಿತು, ಎಷ್ಟು ಕಾಣದೆ ಹೋಯಿತು ಎಂಬ ದೊಡ್ಡ ಕಥೆಯೇ ಇರುತ್ತದೆ. ಈ ತಿಂಗಳ ಬರಹ ಅದಕ್ಕೇ ಮೀಸಲು.

ರೋಡಮೀನ್-ಬಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಹುಟ್ಟಿದ ಬಣ್ಣ. ಕಾಗದ, ರೇಷ್ಮೆ, ಉಣ್ಣೆ, ಊದಿನಕಡ್ಡಿ, ಅಗ್ಗದ ಗುಲಾಲು, ಇವುಗಳಲ್ಲಿ ಅದರ ವಾಸ. ಹತ್ತಿಯ ಮೇಲೆ ಅದು ತಾನಾಗಿ ಗಟ್ಟಿಯಾಗಿ ಹಿಡಿಯದು. ಹಾಗಾಗಿ ಇಚಲಕರಂಜಿಯ ಬಣ್ಣದ ಮನೆಗಳಲ್ಲಿ ಕೆಲಸ ಮಾಡುವ ನಮ್ಮ ಬಂಧುಗಳಿಗೆ ಅದರ ಪರಿಚಯ ಕಡಿಮೆ. ಇಲಿಗಳ ಮೇಲೆ ನಡೆದ ಪರೀಕ್ಷೆಗಳಲ್ಲಿ ಅದು ಕೇಡು ಮಾಡಿದ್ದು ಕಂಡಿದೆ. ಮನುಷ್ಯರಲ್ಲಿ ಅರ್ಬುದ ರೋಗವನ್ನು ತರುತ್ತದೆಂದು ಹೇಳಲು ಸಾಕ್ಷ್ಯ ಸಾಲದೆಂದು ಅಂತರರಾಷ್ಟ್ರೀಯ ಅರ್ಬುದ ಸಂಶೋಧನಾ ಸಂಸ್ಥೆಯು ಅದನ್ನು ತನ್ನ 3ನೆಯ ವರ್ಗದಲ್ಲಿ ಇರಿಸಿದೆ. ಪತ್ರಿಕೆಗಳಲ್ಲಿ ‘ಕ್ಯಾನ್ಸರ್ ಮಿಠಾಯಿ’ ಎಂದು ದಪ್ಪಕ್ಷರದಲ್ಲಿ ಬಂದದ್ದು ಆ ಮಟ್ಟಿಗೆ ಅತಿಯಾಯಿತು. ಆದರೂ ತಿನ್ನಲಿಕ್ಕೆಂದು ಮಾಡದ, ಬೇರೇನೇನು ಕಲ್ಮಶ ಬೆರೆತಿದೆಯೋ ಯಾರೂ ಲೆಕ್ಕವಿಡದ ಕಾರ್ಖಾನೆಯ ಬಣ್ಣವನ್ನು ಮಗುವಿನ ನಾಲಿಗೆಗೆ ಸವರಬೇಕಾದ ಕಾರಣವಾದರೂ ಏನು?

ಈಗ ಒಂದು ತಟ್ಟೆಯಲ್ಲಿ ಗುಲಾಬಿ ಮಿಠಾಯಿ ಇದೆ ಎನ್ನೋಣ. ಅನುಮತಿ ಪಡೆದ ಬಣ್ಣಗಳಲ್ಲಿಯೂ ಕೆಂಪು ಛಾಯೆಯವು ಇವೆ: ಕಾರ್ಮೋಯ್ಸಿನ್, ಪಾನ್ಸೋ 4ಆರ್, ಎರಿಥ್ರೋಸಿನ್. ಸಕ್ಕರೆಯಲ್ಲಿ ತೆಳುವಾಗಿ ಬೆರೆತಾಗ ಇವಕ್ಕೂ ರೋಡಮೀನಿಗೂ ಇರುವ ಭೇದವನ್ನು ಕಣ್ಣು ಹೇಳಲಾರದು. ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚನ್ನು ಬಿಟ್ಟು ನೋಡಿ, ಹೊಳೆದರೆ ವಿಷ ಎಂದು ಈಚೆಗೆ ಕೆಲವರು ಮನೆಮದ್ದಿನಂತೆ ಹೇಳಿಕೊಡುತ್ತಿದ್ದಾರೆ. ಈ ಮಾತನ್ನು ನಂಬಬೇಡಿ. ಆ ಟಾರ್ಚಿಗೆ ನಮ್ಮ ಅರಿಶಿನವೂ ಹಳದಿ ಹಸಿರಾಗಿ ಹೊಳೆಯುತ್ತದೆ. ಬಿಳಿಯ ಧೋತರವಂತೂ ನೀಲಿಯಾಗಿ ಉರಿಯುತ್ತದೆ, ಏಕೆಂದರೆ ಅದಕ್ಕೆ ಹಾಕಿದ ಬಿಳುಪುಕಾರಕವೇ ಹೊಳೆಯುವ ಜಾತಿಯದು. ಟಿನೋಪಾಲ್ ಎಂಬ ಹೆಸರು ಹಿರಿಯ ವಾಚಕರಿಗೆ ನೆನಪಿರಬೇಕು. ಅಂಗಿಯನ್ನು ‘ಬಿಳಿಗಿಂತ ಬಿಳಿ’ ಮಾಡುವ ಆ ಪುಡಿ ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನು ನುಂಗಿ ಕಾಣುವ ನೀಲಿ ಬೆಳಕನ್ನು ಹೊರಗೆ ಬಿಡುತ್ತದೆ. ಬಟ್ಟೆಯ ಹಳದಿ ಛಾಯೆ ಅದರಿಂದ ಮುಚ್ಚಿಹೋಗುತ್ತದೆ.

ಹೀಗೆ ಒಂದು ಬಣ್ಣದ ಬೆಳಕನ್ನು ಹೀರಿ ಇನ್ನೊಂದು ಬಣ್ಣದ ಬೆಳಕನ್ನು ಕೂಡಲೆ ಹೊರಸೂಸುವ ಗುಣಕ್ಕೆ ಪ್ರತಿದೀಪ್ತಿ ಎಂದು ಹೆಸರು. ಕೇಂಬ್ರಿಜಿನ ಜಾರ್ಜ್ ಸ್ಟೋಕ್ಸ್ ಅದನ್ನು 1852ರಲ್ಲಿ ವಿವರಿಸಿ ಅದಕ್ಕೆ ಇಂಗ್ಲಿಷ್ ನಾಮಕರಣವನ್ನೂ ಮಾಡಿದ. ಹೊರಬರುವ ಬೆಳಕಿನ ತರಂಗಾಂತರವು ಒಳಹೊಕ್ಕ ಬೆಳಕಿನದಕ್ಕಿಂತ ದೀರ್ಘವಾಗಿರುತ್ತದೆ ಎಂಬುದು ಅವನು ಕಂಡ ನಿಯಮ. ರೋಡಮೀನ್-ಬಿ ಸುಮಾರು 550 ನ್ಯಾನೊಮೀಟರ್ ತರಂಗಾಂತರದ ಹಸಿರು ಬೆಳಕನ್ನು ಹೀರಿ, ಸುಮಾರು 575ರ ಆಸುಪಾಸಿನಲ್ಲಿ ಕಿತ್ತಳೆಯ ಬೆಳಕನ್ನು ಕೊಡುತ್ತದೆ. ಕಳ್ಳನು ತನ್ನ ಕೈಯಲ್ಲಿಯೇ ದೀಪ ಹಿಡಿದುಕೊಂಡು ಓಡುವಂತೆ! ಹಿಡಿಯುವವನಿಗೆ ಇದಕ್ಕಿಂತ ಅನುಕೂಲ ಬೇರೆ ಇಲ್ಲ. ಆದರೆ ದೀಪ ಹಿಡಿದವರೆಲ್ಲ ಕಳ್ಳರಲ್ಲ. ಅನುಮತಿ ಪಡೆದ ಎರಿಥ್ರೋಸಿನ್ನಿಗೂ ಮಂದವಾದ ಪ್ರತಿದೀಪ್ತಿಯಿದೆ, ಅದೂ ಬಹುಪಾಲು ಅದೇ ಬಣ್ಣದ ಸೀಮೆಯಲ್ಲಿ. ಆದುದರಿಂದ ಮೊದಲು ಬಣ್ಣಗಳನ್ನು ಒಂದೊಂದಾಗಿ ಬೇರ್ಪಡಿಸಬೇಕು, ಆಮೇಲೆ ದೀಪವನ್ನು ನೋಡಬೇಕು.

ಬೇರ್ಪಡಿಸುವ ಹಲವು ದಾರಿಗಳಲ್ಲಿ ವಿದ್ಯುತ್ಸಂಚಲನೆ ಒಂದು. ದ್ರಾವಣದ ಎರಡು ತುದಿಗೆ ವಿದ್ಯುತ್ತಿನ ಧನಾಗ್ರ ಋಣಾಗ್ರಗಳನ್ನು ಇಟ್ಟರೆ ವಿದ್ಯುದಂಶವುಳ್ಳ ಅಣುಗಳು ತಮ್ಮ ತಮ್ಮ ವೇಗದಲ್ಲಿ ಓಡತೊಡಗುತ್ತವೆ. ಓಟದ ಕೊನೆಯಲ್ಲಿ ಗುಂಪುಗಳು ಬೇರೆಬೇರೆಯಾಗುತ್ತವೆ. ಸ್ವೀಡನ್ನಿನ ಆರ್ನೆ ಟಿಸೇಲಿಯುಸ್ 1937ರಲ್ಲಿ ರಕ್ತದ್ರವದ ಪ್ರೋಟೀನುಗಳನ್ನು ಹೀಗೆ ಬೇರ್ಪಡಿಸಿ ತೋರಿಸಿ 1948ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. 1981ರಲ್ಲಿ ಅಮೆರಿಕದ ಜಾರ್ಗನ್‌ಸನ್ ಮತ್ತು ಲುಕಾಚ್ ಈ ಓಟವನ್ನು 75 ಮೈಕ್ರೋಮೀಟರ್ ಒಳಅಳತೆಯ ಗಾಜಿನ ಲೋಮನಾಳದೊಳಗೆ ನಡೆಸಿದರು. ನಮ್ಮ ತಲೆಗೂದಲಿನ ದಪ್ಪವೂ ಹೆಚ್ಚು ಕಡಿಮೆ ಅಷ್ಟೆ. 1990ರ ದಶಕದ ಆರಂಭದಲ್ಲಿ ಆಂಡ್ರಿಯಾಸ್ ಮಾನ್ಸ್, ಜೆಡ್ ಹ್ಯಾರಿಸನ್ ಮತ್ತು ಅವರ ಸಂಗಡಿಗರು ನಾಳವನ್ನೇ ಬಿಟ್ಟು, ಗಾಜಿನ ಬಿಲ್ಲೆಯ ಮೇಲೆ ಕಾಲುವೆಯನ್ನು ಕೊರೆದು, ಮೇಲೊಂದು ಗಾಜು ಮುಚ್ಚಿ, ಓಟವನ್ನು ಬೆರಳುದ್ದದ ಚಿಪ್ಪಿಗೆ ಇಳಿಸಿದರು. ಮಾನ್ಸ್ ಆಗ ಕೆಲಸ ಮಾಡುತ್ತಿದ್ದುದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸಿಬಾ-ಗಾಯಗಿ ಸಂಸ್ಥೆಯಲ್ಲಿ. ಟಿನೋಪಾಲ್ ಎಂಬ ಹೆಸರೂ ಮೂಲತಃ ಅದೇ ಗಾಯಗಿಯವರದು. ಬಟ್ಟೆಗೆ ಹೊಳಪು ಕೊಟ್ಟವರ ಮನೆಯಲ್ಲಿಯೇ ಹೊಳಪನ್ನು ಪತ್ತೆ ಮಾಡುವ ಚಿಪ್ಪೂ ಹುಟ್ಟಿತೆಂಬುದು ಇಚಲಕರಂಜಿಯವರು ನೆನಪಿಡಬೇಕಾದ ಸಂಗತಿ.

ಚಿಪ್ಪಿನಲ್ಲಿ ಮಿಠಾಯಿಯ ಬಣ್ಣಗಳು ಹೇಗೆ ಓಡುತ್ತವೆ? ಗಾಜಿನ ಗೋಡೆಗೆ ನೀರಿನಲ್ಲಿ ಋಣ ವಿದ್ಯುದಂಶ ಬರುವುದರಿಂದ ಕಾಲುವೆಯ ನೀರೆಲ್ಲವೂ ನಿಧಾನವಾಗಿ ಋಣಾಗ್ರದ ಕಡೆಗೆ ಹರಿಯುತ್ತದೆ. ರೋಡಮೀನ್-ಬಿ ಆಮ್ಲವೂ ಕ್ಷಾರವೂ ಅಲ್ಲದ ದ್ರಾವಣದಲ್ಲಿ ಒಟ್ಟಿನಲ್ಲಿ ತಟಸ್ಥ. ಅದು ನೀರಿನ ಹರಿವಿನೊಡನೆ ತೇಲಿ ಬರುತ್ತದೆ. ಕಾರ್ಮೋಯ್ಸಿನ್, ಪಾನ್ಸೋ, ಎರಿಥ್ರೋಸಿನ್ ಇವು ಋಣ ವಿದ್ಯುದಂಶದವು. ಧನಾಗ್ರವು ಅವನ್ನು ಹಿಂದಕ್ಕೆ ಜಗ್ಗುತ್ತಿರುತ್ತದೆ. ಹೊಳೆಯ ಸೆಳವಿಗೆ ಎದುರಾಗಿ ಈಜುವವರಂತೆ ಅವು ತಡವಾಗಿ ಬರುತ್ತವೆ. ಕಾಲುವೆಯ ಒಂದು ಬಿಂದುವಿನ ಮೇಲೆ ಹಸಿರು ಲೇಸರ್ ಕಿರಣವನ್ನು ಹಿಡಿದು ಕಾದಿದ್ದರೆ, ಮೊದಲು ಬಂದ ಕಿತ್ತಳೆಯ ಮಿಂಚು ರೋಡಮೀನಿನದು. ಒಂದೆರಡು ನಿಮಿಷದೊಳಗೆ ಎಲ್ಲವೂ ಮುಗಿಯುತ್ತದೆ.

ತೊಡಕು ಇರುವುದು ಪ್ರಮಾಣದಲ್ಲಿ. ಇಂಥ ಚಿಪ್ಪಿನ ಕಾಲುವೆ ಸಾಮಾನ್ಯವಾಗಿ 50 ಮೈಕ್ರೋಮೀಟರ್ ಅಗಲ, 20 ಮೈಕ್ರೋಮೀಟರ್ ಆಳ. ಓಟಕ್ಕೆ ಬಿಡುವ ಮಾದರಿಯು ಸುಮಾರು 100 ಪೈಕೊಲೀಟರ್. ಅಂಥ ಒಂದು ಕೋಟಿ ತುಣುಕುಗಳು ಸೇರಿದರೆ ಒಂದು ಮಿಲಿಲೀಟರ್ ಆಗುತ್ತದೆ. ಒಂದು ಗ್ರಾಂ ರೋಡಮೀನನ್ನು ಹತ್ತು ಸಾವಿರ ಲೀಟರಿನ ಇನ್ನೂರು ಟ್ಯಾಂಕರುಗಳ ನೀರಿನಲ್ಲಿ ಕದಡಿದೆವೆನ್ನಿ. ಆ ನೀರಿನ ಅಂಥ ಒಂದು ತುಣುಕಿನಲ್ಲಿ ಇರುವುದು ಸುಮಾರು 60 ಸಾವಿರ ಅಣುಗಳು ಮಾತ್ರ. ಕೇಳಲು ದೊಡ್ಡ ಸಂಖ್ಯೆಯಾದರೂ ಅಣುಗಳ ಲೋಕದಲ್ಲಿ ಅದು ಏನೂ ಅಲ್ಲ. ಬಣ್ಣವು ಬೆಳಕನ್ನು ಎಷ್ಟು ತಡೆಯಿತೆಂದು ಅಳೆಯುವ ಹಳೆಯ ಪದ್ಧತಿ ಇಲ್ಲಿ ಕೈಕೊಡುತ್ತದೆ. ಸಾಮಾನ್ಯ ಉಪಕರಣದಲ್ಲಿ ಬೆಳಕು ಒಂದು ಸೆಂಟಿಮೀಟರ್ ದ್ರಾವಣವನ್ನು ಹಾದುಹೋದರೆ ಇಲ್ಲಿ ಹಾಯುವುದು 20 ಮೈಕ್ರೋಮೀಟರ್. ಎಂದರೆ ಐನೂರರಲ್ಲಿ ಒಂದು ಪಾಲು. ತುಂಬಿದ ಬೆಳಕಿನಲ್ಲಿ ಒಂದು ಕೂದಲೆಳೆಯಷ್ಟು ಕೊರತೆಯನ್ನು ಹುಡುಕಿದಂತೆ.

ಪ್ರತಿದೀಪ್ತಿಯಲ್ಲಾದರೋ ಕತ್ತಲಲ್ಲಿ ಬೆಳಕನ್ನು ಹುಡುಕುತ್ತೇವೆ. ಅಮಾವಾಸ್ಯೆಯ ರಾತ್ರಿ ಹೊಲದಾಚೆ ಯಾರೋ ಸೇದುವ ಬೀಡಿಯ ಕಿಡಿ ಕಾಣುತ್ತದೆ. ಮಟಮಟ ಮಧ್ಯಾಹ್ನ ಅದೇ ಕಿಡಿ ಕಾಣದು. ಕಿಡಿ ದೊಡ್ಡದಾದದ್ದಲ್ಲ, ಸುತ್ತಣ ಕತ್ತಲೆ ದಟ್ಟವಾದದ್ದು. ಈ ಚಿಪ್ಪಿನ ಸೂಕ್ಷ್ಮತೆಯನ್ನು ಹೆಚ್ಚಿಸಬೇಕೆಂದು ಹೊರಟವರೆಲ್ಲ ಕೊನೆಗೆ ಬಂದು ನಿಲ್ಲುವುದು ಈ ಮಾತಿಗೇ.

ಹೊಸದಾಗಿ ಉಪಕರಣ ಕಟ್ಟುವವರು ಮೊದಲು ಮಾಡುವುದು ಲೇಸರನ್ನು ಪ್ರಬಲಗೊಳಿಸುವುದು. ಬಲವನ್ನು ಎರಡು ಪಟ್ಟು ಮಾಡಿದರೆ ರೋಡಮೀನಿನ ಹೊಳಪು ಎರಡು ಪಟ್ಟಾಗುತ್ತದೆ, ನಿಜ. ಆದರೆ ಗಾಜಿನ ಮಂದ ಹೊಳಪು, ಗೋಡೆಯಿಂದ ಚದರಿದ ಬೆಳಕು, ದೂಳಿನ ಹೊಳಪು ಇವೂ ಎರಡು ಪಟ್ಟಾಗುತ್ತವೆ. ಹಿನ್ನೆಲೆಯ ಈ ಬೆಳಕು ಸ್ಥಿರವಾಗಿಯಾದರೂ ಇದ್ದರೆ ಕಳೆದುಬಿಡಬಹುದಿತ್ತು. ಅದು ಸದಾ ತುಯ್ದಾಡುತ್ತಿರುತ್ತದೆ. ಚಿಕ್ಕ ಮಿಂಚನ್ನು ಮುಚ್ಚಿಹಾಕುವುದು ಈ ತುಯ್ದಾಟವೇ. ಬೆಳಕು ಇನ್ನೂ ಪ್ರಬಲವಾದರೆ ಬಣ್ಣದ ಅಣುಗಳೇ ಬೆಂದು ಕಳೆಗುಂದುತ್ತವೆ; ಬಿಸಿಲಿಗೆ ಒಣಹಾಕಿದ ಸೀರೆ ಮಾಸುವಂತೆ.

ಹಾಗಾದರೆ ಹಿನ್ನೆಲೆಯನ್ನು ಕಪ್ಪಾಗಿಸುವ ಉಪಾಯವೇನು? ಮೊದಲನೆಯದು ಸೋಸುಗಾಜು. ಅಳೆಯುವ ಕಣ್ಣಿನ ಮುಂದೆ, ಹಸಿರನ್ನು ಸಂಪೂರ್ಣ ತಡೆದು ಕಿತ್ತಳೆಯನ್ನು ಮಾತ್ರ ಬಿಡುವ ಗಾಜನ್ನು ಇಡುತ್ತಾರೆ. ಇಲ್ಲಿ ನಮಗೆ ಅಭಿಮಾನದ ಒಂದು ವಿಷಯ ಅಡ್ಡ ಬರುತ್ತದೆ. 1928ರ ಫೆಬ್ರವರಿ 28ರಂದು ಕಲಕತ್ತೆಯಲ್ಲಿ ಚಂದ್ರಶೇಖರ ವೆಂಕಟ ರಾಮನ್ನರು ಸ್ಪಷ್ಟವಾಗಿ ಕಂಡುಕೊಂಡ ಪರಿಣಾಮವು ಶುದ್ಧ ನೀರಿನಲ್ಲಿಯೂ ನಡೆಯುತ್ತದೆ. ನೀರಿನ ಅಣುಗಳು ಬೆಳಕಿನ ಅತ್ಯಲ್ಪ ಅಂಶವನ್ನು ಬಣ್ಣ ಬದಲಿಸಿ ಚದರಿಸುತ್ತವೆ. ಅವರು ಇದನ್ನು ಆರಂಭದಲ್ಲಿ ಒಂದು ಬಗೆಯ ‘ದುರ್ಬಲ ಪ್ರತಿದೀಪ್ತಿ’ಯೆಂದೇ ಎಣಿಸಿದ್ದರು, ಕೆ. ಎಸ್. ಕೃಷ್ಣನ್ನರೊಡನೆ ನಡೆಸಿದ ಪ್ರಯೋಗಗಳಿಂದ ಅದು ಬೇರೆಯೇ ವಿದ್ಯಮಾನವೆಂದು ತಿಳಿಯಿತು. 1933ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದ ಆ ಮಹನೀಯರ ಕೀರ್ತಿಗೆ ಕಾರಣವಾದ ಬೆಳಕು ಈ ಚಿಪ್ಪಿನಲ್ಲಿ ಬೇಡದ ಅತಿಥಿ! 532 ನ್ಯಾನೊಮೀಟರಿನ ಹಸಿರು ಲೇಸರನ್ನು ಹಾಯಿಸಿದರೆ ನೀರಿನ ರಾಮನ್ ಬೆಳಕಿನ ಮುಖ್ಯ ಭಾಗ ಸುಮಾರು 650ರಲ್ಲಿ ಕೆಂಪಾಗಿ ಬರುತ್ತದೆ. ರೋಡಮೀನಿನದು 575ರ ಬಳಿ. ಆದುದರಿಂದ 570ರಿಂದ 610ರವರೆಗಿನ ಕಿಂಡಿಯನ್ನು ಮಾತ್ರ ತೆರೆದಿಟ್ಟರೆ ಹಸಿರೂ ಹೊರಗೆ, ರಾಮನ್ನರ ಕೆಂಪೂ ಹೊರಗೆ. ಕಿಂಡಿಯನ್ನು ಅಗಲ ಮಾಡಿದರೆ ಹೆಚ್ಚು ಬೆಳಕು ಸಿಕ್ಕೀತೆಂಬ ಆಸೆಯಿಂದ ಕೆಟ್ಟ ಅಳತೆಗಳು ಎಷ್ಟೋ.

ಎರಡನೆಯದು ಮಸೂರ ಮತ್ತು ಸೂಜಿರಂಧ್ರ. ಅಣು ತನ್ನ ಬೆಳಕನ್ನು ಎಂಟು ದಿಕ್ಕಿಗೂ ಚೆಲ್ಲುತ್ತದೆ. ಮಸೂರ ಹಿಡಿಯುವುದು ತನ್ನ ಎದುರಿನ ಶಂಕುವಿನಷ್ಟನ್ನು ಮಾತ್ರ. ಸಾಧಾರಣ ಮಸೂರ ನೂರರಲ್ಲಿ ಒಂದೂವರೆ ಪಾಲನ್ನು ಕೂಡಿಸಿದರೆ ಅಗಲ ಬಾಯಿಯ ಒಳ್ಳೆಯ ಮಸೂರ ಆರೇಳು ಪಾಲನ್ನು ಕೂಡಿಸೀತು. ಇದು ನೇರವಾದ ನಾಲ್ಕು ಪಟ್ಟು ಲಾಭ. ಆ ಮಸೂರದ ಹಿಂದೆ ಸೂಜಿಯ ಮೊನೆಯಷ್ಟು ರಂಧ್ರವಿರುವ ತಗಡನ್ನು ಇಟ್ಟರೆ, ಕಾಲುವೆಯ ನಡುವಿನಿಂದ ಹೊರಟ ಬೆಳಕು ಮಾತ್ರ ರಂಧ್ರವನ್ನು ಹಾಯುತ್ತದೆ; ಮೇಲಿನ ಗಾಜಿನ, ಕೆಳಗಿನ ಗಾಜಿನ ಹೊಳಪು ತಗಡಿಗೆ ಬಡಿದು ಅಲ್ಲಿಯೇ ಸಾಯುತ್ತದೆ. ಈ ಯುಕ್ತಿಗೆ ಅಮೆರಿಕದ ಮಾರ್ವಿನ್ ಮಿನ್‌ಸ್ಕಿ 1957ರಲ್ಲಿಯೇ ಪೇಟೆಂಟ್ ಕೋರಿದ್ದರು. ರಂಧ್ರ ಕಿರಿದಾದಷ್ಟೂ ಒಳಬರುವ ಒಟ್ಟು ಬೆಳಕು ಕಡಿಮೆಯಾಗುತ್ತದೆ. ಸೂಕ್ಷ್ಮತೆ ಮಾತ್ರ ಹೆಚ್ಚುತ್ತದೆ. ಕೇಳಿದವರಿಗೆ ವಿಚಿತ್ರವೆನಿಸಿದರೂ ಅಮಾವಾಸ್ಯೆಯ ಬೀಡಿಯನ್ನು ನೆನೆದರೆ ಅರ್ಥವಾಗುತ್ತದೆ.

ಇನ್ನೊಂದು ದಾರಿ, ಅಣುಗಳನ್ನೇ ಒತ್ತಾಗಿ ಗುಂಪುಗೂಡಿಸುವುದು. ಗಡಹಿಂಗ್ಲಜದ ಕಡೆ ಕಬ್ಬಿನ ಹಂಗಾಮಿನಲ್ಲಿ ಗಾಡಿಗಳು ತೆರಪಾದ ರಸ್ತೆಯಲ್ಲಿ ಭರದಿಂದ ಬಂದು ಕಾರ್ಖಾನೆಯ ಬಾಗಿಲಲ್ಲಿ ಒಂದರ ಹಿಂದೊಂದು ಒತ್ತಿ ನಿಲ್ಲುವುದನ್ನು ಎಲ್ಲರೂ ಬಲ್ಲರು. ಮಾದರಿಯನ್ನು ಲವಣಾಂಶ ಕಡಿಮೆಯಿರುವ ನೀರಿನಲ್ಲಿ ಕರಗಿಸಿ, ಕಾಲುವೆಯಲ್ಲಿ ಲವಣ ಹೆಚ್ಚಿರುವ ದ್ರಾವಣವನ್ನು ತುಂಬಿದರೆ ಇದೇ ಆಗುತ್ತದೆ. ತೆಳುವಾದ ನೀರಿನಲ್ಲಿ ವಿದ್ಯುತ್ತಿನ ಸೆಳೆತ ಹೆಚ್ಚು, ಅಣುಗಳು ಧಾವಿಸುತ್ತವೆ. ಗಟ್ಟಿ ದ್ರಾವಣದ ಗಡಿಗೆ ಬಂದೊಡನೆ ಸೆಳೆತ ತಗ್ಗಿ, ಒಂದರ ಮೇಲೊಂದು ಒತ್ತಿ ತೆಳ್ಳಗಿನ ಪಟ್ಟಿಯಾಗುತ್ತವೆ. ರಿಂಗ್-ಲಿಂಗ್ ಚಿಯೆನ್ ಮತ್ತು ಡೀನ್ ಬರ್ಗಿ 1990ರ ದಶಕದ ಆರಂಭದಲ್ಲಿ ಇದರ ಲೆಕ್ಕಾಚಾರವನ್ನು ಚೆನ್ನಾಗಿ ಬಿಡಿಸಿ ತೋರಿಸಿದರು. ಆದರೆ ರೋಡಮೀನ್-ಬಿ ತಟಸ್ಥವೆಂದು ಮೇಲೆ ಹೇಳಿದೆವಷ್ಟೆ. ತಟಸ್ಥನನ್ನು ವಿದ್ಯುತ್ತು ಹೇಗೆ ಓಡಿಸೀತು? ಅದಕ್ಕೆ ದ್ರಾವಣವನ್ನು ಸಾಕಷ್ಟು ಹುಳಿಯಾಗಿಸಬೇಕು. ಆಮ್ಲದಲ್ಲಿ ಅದು ಧನ ವಿದ್ಯುದಂಶವನ್ನು ಪಡೆದು ಗಾಡಿಗಳ ಸಾಲಿಗೆ ಸೇರುತ್ತದೆ. ಅಥವಾ ಸಾಬೂನಿನ ಜಾತಿಯ ಪದಾರ್ಥವನ್ನು ಕಾಲುವೆಗೆ ಬಿಡಬೇಕು. ಅದರ ಸೂಕ್ಷ್ಮ ಗುಳಿಗೆಗಳು ಹೋಗುತ್ತ ಹೋಗುತ್ತ ಬಣ್ಣದ ಅಣುಗಳನ್ನು ಪೊರಕೆಯಿಂದ ಗುಡಿಸಿದಂತೆ ಒಂದೆಡೆ ಕೂಡಿಸುತ್ತವೆ. ಜಪಾನಿನಲ್ಲಿ ಕಿರಿನೊ ಮತ್ತು ತೆರಾಬೆ 1998ರಲ್ಲಿ ಈ ಗುಡಿಸುವಿಕೆಯಿಂದ, ಲೋಮನಾಳದಲ್ಲಿ, ಕೆಲವು ಪದಾರ್ಥಗಳನ್ನು 5,000 ಪಟ್ಟಿಗೂ ಮೀರಿ ಸಾಂದ್ರಗೊಳಿಸಿದರು. ಯಾವ ಲೇಸರನ್ನು ತಂದರೂ ಐದು ಸಾವಿರ ಪಟ್ಟು ಸಿಗುತ್ತಿರಲಿಲ್ಲ. ಬೆರಳುದ್ದದ ಚಿಪ್ಪಿನಲ್ಲಿ ಗುಡಿಸಲು ಅಷ್ಟು ಅಂಗಳವಿಲ್ಲ. ಅಲ್ಲಿಯ ಲಾಭ ಅದಕ್ಕಿಂತ ಬಹಳ ಕಡಿಮೆ.

ಇನ್ನು ಚಿಕ್ಕ ಚಿಕ್ಕ ಕಾಟಗಳಿವೆ. ಬಲ್ಲವರು ಇವನ್ನೇ ದೊಡ್ಡವೆನ್ನುತ್ತಾರೆ. ಓಟ ಬೇಗ ಮುಗಿಯಲೆಂದು ವಿದ್ಯುತ್ತನ್ನು ಏರಿಸಿದರೆ ಕಾಲುವೆ ಬಿಸಿಯಾಗುತ್ತದೆ. ರೋಡಮೀನ್-ಬಿ ಒಂದೊಂದು ಡಿಗ್ರಿ ಬಿಸಿಗೂ ನೂರಕ್ಕೆ ಸುಮಾರು ಎರಡರಷ್ಟು ಮಂಕಾಗುತ್ತ ಹೋಗುತ್ತದೆ. ಎಷ್ಟರ ಮಟ್ಟಿಗೆಂದರೆ, ಇಂಥ ಕಾಲುವೆಗಳ ಒಳಗಿನ ಬಿಸುಪನ್ನು ಅಳೆಯಲು ಅದನ್ನೇ ತಾಪಮಾಪಕವಾಗಿ ಬಳಸುತ್ತಾರೆ. ಹತ್ತು ಡಿಗ್ರಿ ಏರಿತೆಂದರೆ ಐದರಲ್ಲಿ ಒಂದು ಪಾಲು ಹೊಳಪು ಹೋಯಿತು. ಚಿಪ್ಪನ್ನು ಅಗ್ಗವಾಗಲೆಂದು ಗಾಜಿನ ಬದಲು ಪಾರದರ್ಶಕ ಸಿಲಿಕೋನ್ ರಬ್ಬರಿನಲ್ಲಿ ಮಾಡಿದರೆ ರೋಡಮೀನ್-ಬಿ ಆ ರಬ್ಬರಿನೊಳಕ್ಕೇ ಇಂಗುತ್ತದೆ. ಬಳಿಕ ಶುದ್ಧವಾದ ಮಾದರಿಯನ್ನು ಹಾಕಿದರೂ ಹಿಂದಿನ ಮಾದರಿಯ ಭೂತ ಹೊಳೆಯುತ್ತಿರುತ್ತದೆ. ನಿರಪರಾಧಿಯ ಮಿಠಾಯಿ ಅಪರಾಧಿಯದಾಗುವುದು ಹೀಗೆ. ಈ ಪರೀಕ್ಷೆಗೆ ಗಾಜೇ ಆಗಬೇಕು. ನಡುವೆ ನಡುವೆ ಬರಿಯ ನೀರನ್ನು ಓಡಿಸಿ ನೋಡಬೇಕು. ನೇರಳಾತೀತ ಅಥವಾ ನೀಲಿ ಬೆಳಕನ್ನು ಬಳಸುವ ಉಪಕರಣಗಳಲ್ಲಿ ಮತ್ತೊಂದು ಪೀಡೆ, ಪರೀಕ್ಷಕನ ಬಿಳಿಯ ಅಂಗಿಯಿಂದಲೂ ಒರೆಸುವ ಕಾಗದದಿಂದಲೂ ಉದುರುವ ಎಳೆ. ಅದಕ್ಕೆ ಅಂಟಿದ ಬಿಳುಪುಕಾರಕ ಒಂದೇ ಎಳೆಯಲ್ಲಿ ಸಾವಿರಾರು ಅಣುಗಳ ಹೊಳಪನ್ನು ಹೊತ್ತು ಬರುತ್ತದೆ. ಹಸಿರು ಬೆಳಕಿಗೆ ಅದು ಅಷ್ಟಾಗಿ ಮಿಸುಕದೆಂಬುದೇ ರೋಡಮೀನನ್ನು ಹುಡುಕುವವರ ಭಾಗ್ಯ.

ಈಗ ಸೋದರಿಯವರ ‘ಕಂಡುಬಂದಿಲ್ಲ’ಕ್ಕೆ ಬರೋಣ. ಪ್ರಯೋಗಾಲಯಗಳಲ್ಲಿ ರೂಢಿಯಾಗಿರುವ ಲೆಕ್ಕವೆಂದರೆ, ಹಿನ್ನೆಲೆಯ ತುಯ್ದಾಟದ ಮೂರು ಪಟ್ಟು ಎತ್ತರಕ್ಕೆ ಏರಿದ ಮಿಂಚನ್ನು ಮಾತ್ರ ‘ಇದೆ’ ಎನ್ನುವುದು. ಅದಕ್ಕಿಂತ ತಗ್ಗಿದ್ದರೆ ‘ಕಂಡುಬಂದಿಲ್ಲ’. ಈ ಮೂರು ಪಟ್ಟಿಗೆ ಸರಿಯಾದ ಪ್ರಮಾಣವೇ ಆ ಉಪಕರಣದ ಪತ್ತೆಯ ಮಿತಿ. ಒಂದು ಗ್ರಾಂ ಮಿಠಾಯಿಯನ್ನು 100 ಮಿಲಿಲೀಟರ್ ನೀರಿನಲ್ಲಿ ಕರಗಿಸಿ ಮೇಲೆ ಹೇಳಿದ ಆಳದ ಕಾಲುವೆಗೆ ಬಿಟ್ಟರೆಂದು ತಿಳಿಯಿರಿ. ಬೆಳಕು ಎಷ್ಟು ತಡೆಯಲ್ಪಟ್ಟಿತೆಂದು ನೋಡುವ ಪದ್ಧತಿಯಾದರೆ, ಒಳ್ಳೆಯ ಉಪಕರಣವೂ ಕಿಲೋಗ್ರಾಂ ಮಿಠಾಯಿಗೆ ಸುಮಾರು 240 ಮಿಲಿಗ್ರಾಂ ರೋಡಮೀನಿಗಿಂತ ಕಡಿಮೆಯಿದ್ದುದನ್ನು ಕಾಣಲಾರದು. ಅನುಮತಿ ಪಡೆದ ಬಣ್ಣಗಳಿಗೇ ನಮ್ಮ ನಿಯಮಗಳು ಸಾಮಾನ್ಯವಾಗಿ ಕೊಟ್ಟಿರುವ ಗರಿಷ್ಠ ಮಿತಿ ಕಿಲೋಗ್ರಾಮಿಗೆ 100 ಮಿಲಿಗ್ರಾಂ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಅಷ್ಟೇ ಪ್ರಮಾಣದ ರೋಡಮೀನನ್ನು ಸುರಿದು ಮಿಠಾಯಿ ಢಾಳಾಗಿ ಗುಲಾಬಿಯಾಗಿದ್ದರೂ ಆ ವರದಿ ‘ಕಂಡುಬಂದಿಲ್ಲ’ ಎಂದೀತು. ಅದೇ ಚಿಪ್ಪಿಗೆ ಹಸಿರು ಲೇಸರ್, ಸರಿಯಾದ ಸೋಸುಗಾಜು, ಸೂಜಿರಂಧ್ರಗಳನ್ನು ಜೋಡಿಸಿ ಇನ್ನೂರು ಟ್ಯಾಂಕರಿನ ನೀರಿನ ಮಟ್ಟಕ್ಕೆ ಇಳಿದರೆ, ಮಿತಿ ಕಿಲೋಗ್ರಾಮಿಗೆ 0.05 ಮಿಲಿಗ್ರಾಂ ಆಗುತ್ತದೆ. ಎರಡು ವರದಿಗಳಲ್ಲಿಯೂ ಪದ ಒಂದೇ. ಅರ್ಥದಲ್ಲಿ ಐದು ಸಾವಿರ ಪಟ್ಟಿನ ಅಂತರ.

ಹೀಗೆಂದು ಅತಿ ಸೂಕ್ಷ್ಮವಾದ ಉಪಕರಣವೇ ನ್ಯಾಯಾಧೀಶನೆಂದು ನಾನು ಹೇಳಲಾರೆ. ಜ್ಯೋತಿಬಾನ ಜಾತ್ರೆಯನ್ನು ಮತ್ತೊಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಗಾಳಿಯೆಲ್ಲ ಗುಲಾಲು. ಆ ಗುಲಾಲಿನಲ್ಲಿ ರೋಡಮೀನ್ ಇದ್ದರೆ, ಬಿಳಿಯ ಸಕ್ಕರೆಯ ಮಿಠಾಯಿಯನ್ನು ಪ್ರಾಮಾಣಿಕವಾಗಿ ಮಾರುವವನ ಕೈಯ ಮೇಲೂ ಅವನ ಸರಕಿನ ಮೇಲೂ ಅದರ ಕಣಗಳು ಕೂಡದಿರುವುದುಂಟೆ? 0.05 ಮಿಲಿಗ್ರಾಮನ್ನು ಕಾಣಬಲ್ಲ ಚಿಪ್ಪು ಅವನನ್ನೂ ಹಿಡಿದು ನಿಲ್ಲಿಸುತ್ತದೆ. ಬಣ್ಣ ಹಾಕಿದ ಮಿಠಾಯಿಗೂ ಗುಲಾಲು ಕೂತ ಮಿಠಾಯಿಗೂ ಭೇದವಿರುವುದು ಪ್ರಮಾಣದಲ್ಲಿ. ಆದುದರಿಂದ ವರದಿಯಲ್ಲಿ ‘ಇದೆ’ ಎಂದಿದ್ದರೆ ಎಷ್ಟು ಇದೆ ಎಂಬ ಅಂಕಿಯನ್ನು ಕೇಳಬೇಕು; ‘ಕಂಡುಬಂದಿಲ್ಲ’ ಎಂದಿದ್ದರೆ ಎಷ್ಟರ ಮೇಲಿದ್ದರೆ ಕಾಣುತ್ತಿತ್ತು ಎಂಬ ಅಂಕಿಯನ್ನು ಕೇಳಬೇಕು. ಅಂಕಿಯಿಲ್ಲದ ವರದಿಯನ್ನು ಹಿಡಿದು ಬಡ ವ್ಯಾಪಾರಿಯ ಗಾಡಿಯನ್ನು ಉರುಳಿಸುವುದೂ ತಪ್ಪು, ಮಕ್ಕಳಿಗೆ ತಿನ್ನಿಸುವುದೂ ತಪ್ಪು.

ಕೇಳುವ ಹಕ್ಕು ನಮಗಿದೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ 40ನೆಯ ಕಲಮಿನ ಪ್ರಕಾರ ಕೊಂಡ ಗ್ರಾಹಕನೇ ಗೊತ್ತುಪಡಿಸಿದ ಶುಲ್ಕವನ್ನು ತೆತ್ತು ಪದಾರ್ಥವನ್ನು ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಮಾದರಿ ತಲಪಿದ 14 ದಿನಗಳೊಳಗೆ ವರದಿ ಬರಬೇಕು. ಇಂಥ ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿ ಕಾಣುವುದು ಚಿಪ್ಪಲ್ಲ, ಕ್ರೊಮಟೊಗ್ರಫಿಯ ದೊಡ್ಡ ಯಂತ್ರ. ಪತ್ತೆಯ ಮಿತಿಯ ಮಾತು ಅದಕ್ಕೂ ಅಷ್ಟೇ ಸಲ್ಲುತ್ತದೆ. ಜಾತ್ರೆಯ ಬಾಗಿಲಲ್ಲಿಯೇ ನಿಂತು ಎರಡು ನಿಮಿಷದಲ್ಲಿ ಹೇಳಬಲ್ಲುದೆಂಬುದು ಚಿಪ್ಪಿನ ಆಕರ್ಷಣೆ. ನಮ್ಮ ಕಡೆಯ ಮಕ್ಕಳಿಗೆ ಈ ವಿದ್ಯೆ ದೂರದ್ದೇನೂ ಅಲ್ಲ. 1962ರಲ್ಲಿ ಸ್ಥಾಪಿತವಾದ ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಪ್ರತಿದೀಪ್ತಿಯ ಸಂಶೋಧನೆ ಹಲವು ವರ್ಷಗಳಿಂದ ನಡೆದುಬಂದಿದೆ. ಇಚಲಕರಂಜಿಯಲ್ಲಿ 1982ರಿಂದ ಇರುವ ಡಿ.ಕೆ.ಟಿ.ಇ. ಸಂಸ್ಥೆ ಜವಳಿಯ ವಿದ್ಯೆಯನ್ನೇ ಕಲಿಸುತ್ತದೆ. ಬಣ್ಣವನ್ನು ಬಲ್ಲ ಊರಿನ ಹುಡುಗ ಹುಡುಗಿಯರು ಬೆಳಕನ್ನೂ ಕಲಿತರೆ ಇಂಥ ಚಿಪ್ಪನ್ನು ಇಲ್ಲಿಯೇ ಕೊರೆದಾರು.

ಸಂಕೇಶ್ವರಿ ಮೆಣಸಿನಕಾಯಿಯ ಕೆಂಪಿಗೂ ಇದೇ ಪರೀಕ್ಷೆ ಆದೀತೆ ಎಂದು ಗಡಹಿಂಗ್ಲಜ ಪೇಟೆಯ ವಾಚಕರು ಕೇಳುವುದು ಸಹಜ. ಪುಡಿಗೆ ಬೆರೆಸಿದ್ದು ರೋಡಮೀನ್ ಆದರೆ ಆದೀತು. ಎಣ್ಣೆಯ ಅಂಶವನ್ನು ಮೊದಲು ತೆಗೆಯಬೇಕಷ್ಟೆ. ಆದರೆ 2003ರಲ್ಲಿ ಭಾರತದ ಮೆಣಸಿನಪುಡಿಯಲ್ಲಿ ಕಂಡು ಯುರೋಪಿನಲ್ಲಿ ಗದ್ದಲವಾಗಿ, 2005ರಲ್ಲಿ ಇಂಗ್ಲೆಂಡಿನ ಅಂಗಡಿಗಳಿಂದ ನೂರಾರು ತಿನಿಸುಗಳನ್ನು ಹಿಂದಕ್ಕೆ ತರಿಸಿದ ಸುಡಾನ್-1 ಎಂಬ ಬಣ್ಣ ಬೇರೆ ಜಾತಿಯದು. ಅದು ನೀರಿನಲ್ಲಿ ಕರಗದು, ವಿದ್ಯುತ್ತಿಗೆ ತಾನಾಗಿ ಓಡದು, ಹಸಿರು ಬೆಳಕು ಬಿದ್ದರೆ ರೋಡಮೀನಿನಂತೆ ಹೊಳೆಯುವುದೂ ಇಲ್ಲ. ಕೈಯಲ್ಲಿ ದೀಪವಿಲ್ಲದ ಆ ಕಳ್ಳನನ್ನು ಹಿಡಿಯುವ ಬಗೆಯನ್ನು ಮುಂದಿನ ತಿಂಗಳು ನೋಡೋಣ.